ಕೈಗೆ ಸಿಕ್ಕ ನೌರು

ಚಾಮರಾಜಪೇಟೆಯಲ್ಲಿ ಬೆಳೆದು ಈಗ ನಲವತ್ತು ದಾಟಿದವರನ್ನು ನಿಲ್ಲಿಸಿ, ನಿಮಗೆ ಭೂಗೋಳ ಕಲಿಸಿದವರು ಯಾರು ಎಂದು ಕೇಳಿದರೆ ಹತ್ತರಲ್ಲಿ ನಾಲ್ಕು ಮಂದಿಯಾದರೂ ಗಿರಿಜಾಂಬಾ ಮಿಸ್ ಎನ್ನುತ್ತಾರೆ. ಹಾಗೆನ್ನುವಾಗ ಸ್ವಲ್ಪ ನೆಟ್ಟಗೆ ನಿಂತುಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷ ಒಂದೇ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಹೇಳಿದವರು ಅವರು. ಕೈಯಲ್ಲೊಂದು ಬೆತ್ತ ಇರುತ್ತಿತ್ತು. ಅದು ಯಾವ ಮಕ್ಕಳ ಅಂಗೈಯನ್ನೂ ಮುಟ್ಟಿದ್ದಲ್ಲ, ಗೋಡೆಯ ಮೇಲಿನ ಭೂಪಟವನ್ನು ಮಾತ್ರ. "ಇಲ್ನೋಡಿ, ನೈಲ್ ನದಿ ಇಲ್ಲಿ ಹುಟ್ತು, ಇಲ್ಲಿ ತಿರುಗ್ತು" ಎಂದು ಅವರು ಬೆತ್ತ ಎಳೆದರೆ ಕೊನೆಯ ಬೆಂಚಿನವರೂ ಆಫ್ರಿಕಕ್ಕೆ ಹೋಗಿ ಬರುತ್ತಿದ್ದರು.

ಅವರು ಮದುವೆಯಾಗಲಿಲ್ಲ. ಅದಕ್ಕಾಗಿ ಕೊರಗಿದ್ದನ್ನು ಯಾರೂ ಕಂಡಿಲ್ಲ. ತಮ್ಮ ಸಿದ್ದಬಸಪ್ಪ ಮತ್ತು ಅವನ ಹೆಂಡತಿ ಶೈಲಜಮ್ಮನ ಜೊತೆ ಒಂದೇ ಮನೆಯಲ್ಲಿ ಇರುತ್ತಾರೆ. ಸಿದ್ದಬಸಪ್ಪನದು ಅವೆನ್ಯೂ ರಸ್ತೆಯಲ್ಲಿ ಕಾಗದ, ರಟ್ಟು, ನೋಟ್‌ಬುಕ್ಕುಗಳ ಅಂಗಡಿ. ನಿವೃತ್ತಿಯಾದ ಮರುತಿಂಗಳೇ ಗಿರಿಜಾಂಬಾ ತಮಗೊಂದು ಕೆಲಸ ಹುಡುಕಿಕೊಂಡರು. ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ರಸ್ತೆಯ ಮನೆಯೊಂದರಲ್ಲಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕ ಓದಿ ಹೇಳುವ ಒಂದು ಸಣ್ಣ ಸಂಸ್ಥೆ ಇತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿಗೆ ಹೋಗಿ ಓದುವುದು. ಅವರ ಕಂಠ ಇನ್ನೂ ಕಡೇ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

ಆರಾಧನಾ ಅಲ್ಲಿಗೆ ಬಂದದ್ದು ಒಂದು ಜೂನ್ ತಿಂಗಳಲ್ಲಿ. ಎನ್.ಆರ್. ಕಾಲೋನಿಯ ಹುಡುಗಿ, ಇಪ್ಪತ್ತಮೂರು ವರ್ಷ, ಹುಟ್ಟಿನಿಂದಲೇ ಕಣ್ಣಿಲ್ಲ. ಇತಿಹಾಸದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದಳು, ಪರೀಕ್ಷೆಗೆ ಒಂದು ಪ್ರಬಂಧ ಬರೆಯಬೇಕಿತ್ತು. ಒಬ್ಬಳೇ ನಡೆದು ಬಂದು, ಬಿಳಿ ಕೋಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಯಾವ ವಿಷಯದ ಮೇಲೆ ಬರೀತಿದೀಯಮ್ಮ?" ಎಂದು ಗಿರಿಜಾಂಬಾ ಕೇಳಿದರು.

"ನೌರು ಮೇಡಂ. ಪೆಸಿಫಿಕ್ ಸಮುದ್ರದಲ್ಲಿರೋ ದ್ವೀಪ."

ಗಿರಿಜಾಂಬಾ ನಕ್ಕುಬಿಟ್ಟರು. ಇಷ್ಟು ವರ್ಷದ ಪಾಠದಲ್ಲಿ ನೌರುವಿಗೆ ಅವರು ಕೊಟ್ಟದ್ದು ಒಂದೇ ವಾಕ್ಯ: ಇಪ್ಪತ್ತೊಂದು ಚದರ ಕಿಲೋಮೀಟರಿನ ಪುಟ್ಟ ಗಣರಾಜ್ಯ, ಭೂಮಧ್ಯರೇಖೆಗೆ ತೀರ ಹತ್ತಿರ. ಅಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

"ಅದನ್ನೇ ಯಾಕೆ ಹಿಡ್ಕೊಂಡೆ?"

"ಚಿಕ್ಕೋಳಿದ್ದಾಗ ಅಪ್ಪ ದೇಶಗಳ ಹೆಸರು, ರಾಜಧಾನಿ ಬಾಯಿಪಾಠ ಮಾಡಿಸ್ತಿದ್ರು. ನೌರು ಬಂದಾಗ, 'ಇದಕ್ಕೆ ರಾಜಧಾನೀನೇ ಇಲ್ಲ ಕಣೇ' ಅಂದ್ರು. ರಾಜಧಾನಿ ಇಟ್ಕೊಳ್ಳಕ್ಕೂ ಜಾಗ ಇಲ್ದಿರೋ ದೇಶ ಹೆಂಗಿರುತ್ತೆ ಅಂತ ಆವತ್ತೇ ತಲೇಲಿ ಕೂತ್ಬಿಡ್ತು."

ಪುಸ್ತಕ, ಲೇಖನಗಳನ್ನೆಲ್ಲ ಅವಳ ಫೋನೇ ಓದಿ ಹೇಳುತ್ತಿತ್ತು. ಮತ್ತೆ ಇಲ್ಲಿಗೇಕೆ ಬಂದೆ ಎಂದದ್ದಕ್ಕೆ ಅವಳು, "ನಕ್ಷೆ ಬಂದ ತಕ್ಷಣ ಫೋನು 'ಇಮೇಜ್' ಅಂತ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ಬಿಡುತ್ತೆ ಮೇಡಂ. ನಮ್ಮ ಗೈಡ್ ಸರ್ ಒಳ್ಳೆಯವ್ರೇ. ಆದ್ರೆ, 'ಮೊದಲ್ನೇ ಅಧ್ಯಾಯ ಭೂಗೋಳ, ಅದು ನಿನಗೆ ಕಷ್ಟ ಆಗುತ್ತೆ, ಬಿಟ್ಬಿಡಮ್ಮ, ನೇರವಾಗಿ ಇತಿಹಾಸಕ್ಕೆ ಹೋಗು' ಅಂದ್ರು. ನನಗೆ ಬಿಡಕ್ಕೆ ಇಷ್ಟ ಇಲ್ಲ" ಎಂದಳು.

ಆ ಮೇಷ್ಟರು ಹೇಳಿದ ಮಾತನ್ನೇ ಹೆಚ್ಚುಕಡಿಮೆ ಗಿರಿಜಾಂಬಾ ಕೂಡ ಹಿಂದೆ ಹೇಳಿದ್ದರು. ೧೯೯೩ರಲ್ಲಿ ಅವರ ಹತ್ತನೇ ತರಗತಿಯಲ್ಲಿ ರಂಗನಾಯಕಿ ಎಂಬ ಹುಡುಗಿ ಇದ್ದಳು. ಅವಳಿಗೂ ಕಣ್ಣು ಕಾಣುತ್ತಿರಲಿಲ್ಲ. ಭೂಪಟದ ಪಾಠ ಬಂದಾಗಲೆಲ್ಲ ಗಿರಿಜಾಂಬಾ, "ನೀನು ಲೈಬ್ರರೀಲಿ ಕೂತ್ಕೋ ಮರಿ, ಇದು ನಿನಗೆ ಬೇಡ" ಎಂದು ಕಳಿಸುತ್ತಿದ್ದರು. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದರು. ಮೂವತ್ತು ವರ್ಷ ಆ ವಿಷಯ ಅವರ ನೆನಪಿಗೂ ಬಂದಿರಲಿಲ್ಲ.

"ಬಿಡೋದು ಬೇಡ, ಓದೋಣ" ಎಂದು ಅವಳು ತಂದಿದ್ದ ಹಾಳೆ ಎತ್ತಿಕೊಂಡರು. "ದ್ವೀಪ ಅಂಡಾಕಾರವಾಗಿದೆ" ಎಂಬ ಮೊದಲ ಸಾಲಿಗೇ ಆರಾಧನಾ ತಡೆದಳು.

"ಮೊಟ್ಟೆ ಥರ ಉಬ್ಬಿದೆಯಾ ಮೇಡಂ? ಇಲ್ಲಾ ಮೊಟ್ಟೇನ ತಟ್ಟಿ ಚಪ್ಪಟೆ ಮಾಡಿದ ಹಾಗಾ?"

"ಚಪ್ಪಟೆ. ಸುತ್ತ ಒಂದು ಪಟ್ಟಿ ನೆಲ, ಮಧ್ಯ ಎತ್ತರ."

"ಎಷ್ಟಗಲ ಪಟ್ಟಿ? ಎತ್ತರ ಅಂದ್ರೆ ಮೆಟ್ಲು ಥರ ಏರುತ್ತಾ, ಬೆಟ್ಟದ ಥರಾನಾ?"

ಆವತ್ತು ಒಂದೂವರೆ ಗಂಟೆಯಲ್ಲಿ ಅವರು ಓದಿ ಮುಗಿಸಿದ್ದು ಅರ್ಧ ಪುಟ. ತಮ್ಮ ಬಾಯಿಂದ ಬರುವ ಮಾತುಗಳೆಲ್ಲ ಕಣ್ಣಿದ್ದವರಿಗಾಗಿ ಹುಟ್ಟಿದವು ಎಂಬುದು ಗಿರಿಜಾಂಬಾಗೆ ಅವತ್ತು ಮೊದಲ ಸಲ ಗೊತ್ತಾಯಿತು. ಅವರು ಮನೆಗೆ ಹೋಗಲಿಲ್ಲ. ನೇರವಾಗಿ ಅವೆನ್ಯೂ ರಸ್ತೆಗೆ ಹೋಗಿ ತಮ್ಮನ ಅಂಗಡಿಯ ಮುಂದೆ ನಿಂತರು.

"ಸಿದ್ದು, ನಿನ್ನ ಹತ್ರ ಇರೋದ್ರಲ್ಲಿ ದಪ್ಪ ರಟ್ಟು ಕೊಡು. ಎರಡಡಿ ಉದ್ದ ಇರ್ಬೇಕು."

"ಯಾಕಕ್ಕ, ಏನು ಮಾಡ್ತೀಯ?"

"ಒಂದು ದೇಶ ಮಾಡ್ಬೇಕು" ಎಂದರು.

ಅರವತ್ತೇಳನೇ ವಯಸ್ಸಿನಲ್ಲಿ, ಜೀವಮಾನದಲ್ಲಿ ಗಣಪತಿಯನ್ನೂ ಮಾಡಿರದ ಕೈಯಿಂದ ಅವರು ದ್ವೀಪ ಮಾಡಲು ಕೂತರು. ಮೈದಾ ಹಿಟ್ಟಿಗೆ ಉಪ್ಪು ಬೆರೆಸಿ ಮೆತ್ತಿದ ಮೊದಲ ನೌರು ಮೂರೇ ದಿನಕ್ಕೆ ಒಣಗಿ, ನಡುವಿನಿಂದ ಸೀಳಿಕೊಂಡಿತು. ಎರಡನೆಯದನ್ನು ಸುಣ್ಣದ ಪುಡಿಯಿಂದ ಮಾಡಿದರು, ಅದು ಬೆರಳು ತಾಗಿದರೆ ಉದುರುತ್ತಿತ್ತು. ಆಗ ಶೈಲಜಮ್ಮ ಅಡುಗೆಮನೆಯಿಂದ ಬಂದು, "ಅತ್ತಿಗೆ, ನಮ್ಮಜ್ಜಿ ಹಳೇ ಪೇಪರ್ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿ ಮಾಡ್ತಿದ್ರು. ಕಲ್ಲಿನ ಹಂಗೆ ಗಟ್ಟಿ ಆಗ್ತಿತ್ತು, ಹುಳಾನೂ ಹತ್ತಿರ ಬರ್ತಿರ್ಲಿಲ್ಲ" ಎಂದಳು. ಒಂದು ವಾರದ ದಿನಪತ್ರಿಕೆಗಳು ನೆನೆದವು, ರುಬ್ಬುವ ಕಲ್ಲಿಗೆ ಬಹಳ ದಿನದ ಮೇಲೆ ಕೆಲಸ ಬಂತು, ಮನೆಯೆಲ್ಲ ಮೆಂತ್ಯದ ವಾಸನೆ ತುಂಬಿತು.

ಆ ದ್ವೀಪ ನಿಂತಿತು. ನುಣ್ಣನೆಯ ರೆಕ್ಸಿನ್ ಹಾಸಿದ ಸಮುದ್ರ. ದಡದ ಸುತ್ತ ಹವಳದ ದಿಬ್ಬಕ್ಕೆ ಮರಳು ಕಾಗದದ ಅಂಚು. ದ್ವೀಪವನ್ನು ಸುತ್ತಿ ಬರುವ ಒಂದೇ ಒಂದು ರಸ್ತೆಗೆ ಹುರಿ. ಬುವಾಡ ಎಂಬ ಕೊಳಕ್ಕೆ ಅವರದೇ ಹಳೆಯ ಕನ್ನಡಕದ ಗಾಜು. ನಡುವೆ ನಾಲ್ಕು ಬೆರಳು ಎತ್ತರದ ಪ್ರಸ್ಥಭೂಮಿ. ಅದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು, ಆಟೋ ಮಾಡಿಕೊಂಡು ಬಸವನಗುಡಿಗೆ ಒಯ್ದರು. ಒಳಗೊಳಗೇ ಹೆಮ್ಮೆಯಿತ್ತು.

ಆರಾಧನಾ ಎರಡೂ ಕೈಯಿಂದ ದ್ವೀಪವನ್ನು ಮುಟ್ಟುತ್ತ ಒಂದು ಸುತ್ತು ಬಂದಳು. ಮತ್ತೊಮ್ಮೆ ಸುತ್ತಿದಳು. ಆಮೇಲೆ ನಡುವಿನ ಎತ್ತರದ ಮೇಲೆ ಬೆರಳು ನಿಲ್ಲಿಸಿದಳು.

"ಮೇಡಂ, ಒಂದು ಕಿಲೋಮೀಟರಿಗೆ ಎಷ್ಟು ಇಟ್ಟಿದೀರಿ?"

"ಹತ್ತು ಸೆಂಟಿಮೀಟರ್."

"ಹಾಗಾದ್ರೆ ಇದು ಏಳು ಸೆಂಟಿಮೀಟರ್ ಎತ್ತರ ಇದೆ. ಏಳ್ನೂರು ಮೀಟರ್ ಆಯ್ತಲ್ಲ? ನೀವು ಓದಿದ್ದು ಎಪ್ಪತ್ತು ಮೀಟರ್ ಒಳಗೆ ಅಂತ."

ಗಿರಿಜಾಂಬಾಗೆ ಚುಚ್ಚಿದಂತಾಯಿತು. "ಉಬ್ಬು ನಕ್ಷೇಲಿ ಯಾವಾಗ್ಲೂ ಎತ್ತರಾನ ಜಾಸ್ತಿ ಮಾಡೇ ತೋರ್ಸೋದು ಕಣಮ್ಮ. ಇಲ್ದಿದ್ರೆ ಕಾಣಲ್ಲ."

"ಕಾಣೋರಿಗೆ ಕಾಣಲ್ಲ ಮೇಡಂ" ಎಂದಳು ಆರಾಧನಾ, ಸಮಾಧಾನವಾಗಿಯೇ. "ಕೈಗೆ ಅರ್ಧ ಸೆಂಟಿಮೀಟರ್ ಆದ್ರೂ ಸಾಕು."

ಅವತ್ತು ಗಿರಿಜಾಂಬಾ ಮುಖ ಗಂಟಿಕ್ಕಿಕೊಂಡೇ ಮನೆಗೆ ಬಂದರು. ಊಟದ ಹೊತ್ತಿಗೆ ತಮ್ಮನ ಮುಂದೆ, "ಹದಿನೈದು ದಿನ ಕಷ್ಟಪಟ್ಟೆ, ಒಂದು ಥ್ಯಾಂಕ್ಸೂ ಹೇಳ್ಲಿಲ್ಲ ಆ ಹುಡುಗಿ" ಎಂದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ನಗತೊಡಗಿದರು. "ಅವಳು ಹೇಳಿದ್ದು ಸರಿ ಸಿದ್ದು. ನಾನು ಕಣ್ಣಿಗೆ ಮಾಡಿದ ನಕ್ಷೇನ ಅವಳ ಕೈಗೆ ಕೊಟ್ಟೆ" ಎಂದು ಹೇಳಿ, ಬಕೆಟ್ಟಿಗೆ ಮತ್ತೆ ಪೇಪರ್ ಹಾಕಿದರು.

ಈ ಸಲ ಎರಡು ನೌರು ಹುಟ್ಟಿದವು, ಅಳತೆಯಲ್ಲಿ ಅವಳಿ. ಒಂದು ೧೯೦೦ಕ್ಕೆ ಮುಂಚಿನದು, ಗಣಿ ತೋಡುವ ಮೊದಲಿನದು. ಇನ್ನೊಂದು ಈಗಿನದು. ಎರಡರಲ್ಲೂ ಅತಿ ಎತ್ತರದ ಜಾಗ ಏಳು ಮಿಲಿಮೀಟರ್ ಮೀರಲಿಲ್ಲ. ಹಳೆಯ ದ್ವೀಪದ ನಡುವೆ ಕಾಡಿಗೆ ಮೆತ್ತನೆಯ ಉಣ್ಣೆ ಬಟ್ಟೆ ಅಂಟಿಸಿದರು. ಹೊಸದರ ನಡುವೆ, ಗಣಿಗಾರಿಕೆಯಲ್ಲಿ ಗೊಬ್ಬರದ ಫಾಸ್ಫೇಟ್ ಬಗೆದು ತೆಗೆದ ಮೇಲೆ ಉಳಿದ ಸುಣ್ಣಕಲ್ಲಿನ ಚೂಪು ಕಂಬಗಳು ಬರಬೇಕಿತ್ತು. ಅಳತೆಗೆ ಸರಿಯಾಗಿ ಅವು ಒಂದು ಮಿಲಿಮೀಟರಿನಷ್ಟೇ. ಅಷ್ಟು ಸಣ್ಣದಾಗಿ, ಅಷ್ಟು ಚೂಪಾಗಿ ಇರುವ ವಸ್ತು ಯಾವುದು? ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಡಬ್ಬದಲ್ಲಿ: ಅಕ್ಕಿ ನುಚ್ಚು. ಗೋಂದು ಬಳಿದು, ಇಕ್ಕಳದಲ್ಲಿ ಹಿಡಿದು, ಒಂದೊಂದೇ ನುಚ್ಚನ್ನು ನೆಟ್ಟಗೆ ನಿಲ್ಲಿಸಿದರು. ದ್ವೀಪದ ಐದರಲ್ಲಿ ನಾಲ್ಕು ಪಾಲು ಹೀಗೆ ತುಂಬಬೇಕಿತ್ತು. ಹನ್ನೊಂದು ದಿನ ಹಿಡಿಯಿತು. ಒಂದು ಕಂಬದ ಪಕ್ಕ ಮನುಷ್ಯ ನಿಂತರೆ ಹೇಗಿರುತ್ತದೆ ಎಂದು ತಿಳಿಯಲು, ಪೊರಕೆಯ ಹಂಚಿಕಡ್ಡಿ ಮುರಿದು ನೆಟ್ಟು, ಬೇರೆ ದೊಡ್ಡ ಅಳತೆಯ ಒಂದು ಅಂಗೈಯಗಲದ ನೆಲದ ತುಂಡನ್ನೂ ಮಾಡಿದರು.

ಆಗಸ್ಟಿನ ಒಂದು ಶುಕ್ರವಾರ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಆರಾಧನಾ ಎಡಗೈಯನ್ನು ಹಳೆಯದರ ಮೇಲೂ ಬಲಗೈಯನ್ನು ಹೊಸದರ ಮೇಲೂ ಇಟ್ಟು, ಎರಡನ್ನೂ ಒಟ್ಟಿಗೇ ದಡದಿಂದ ಒಳಕ್ಕೆ ಸರಿಸಿದಳು. ಬಲಗೈ ತಟ್ಟನೆ ನಿಂತಿತು.

"ಇದೆಲ್ಲಾ ಹೀಗೇ ಚುಚ್ಚುತ್ತಾ?"

"ಹೂಂ. ನಡೆಯಕ್ಕಾಗಲ್ಲ, ಬೆಳೆಯಕ್ಕಾಗಲ್ಲ."

"ಮತ್ತೆ ಜನ?"

ಗಿರಿಜಾಂಬಾ ಅವಳ ಬೆರಳನ್ನು ಹಿಡಿದು ದಡದ ಪಟ್ಟಿಗೆ ತಂದರು. ಅದು ಎರಡು ಬೆರಳಗಲವಿತ್ತು. "ಹನ್ನೆರಡು ಸಾವಿರ ಜನ. ಹೆಚ್ಚುಕಡಿಮೆ ಎಲ್ರೂ ಇಷ್ಟರಲ್ಲೇ. ಕೊಳದ ಸುತ್ತ ಒಂದಿಷ್ಟು."

ಆರಾಧನಾ ಆ ಎರಡು ಬೆರಳಗಲದಲ್ಲಿ ದ್ವೀಪವನ್ನು ಒಂದು ಸುತ್ತು ಬಂದಳು. ಹೊರಟ ಜಾಗಕ್ಕೇ ಬಂದು, "ಭೂಗೋಳ ಬಿಟ್ಟಿದ್ರೆ ನನಗೆ ಇತಿಹಾಸಾನೇ ಗೊತ್ತಾಗ್ತಿರ್ಲಿಲ್ಲ ಮೇಡಂ" ಎಂದಳು.

ಅಲ್ಲಿಂದ ಮುಂದೆ ಓದು ಸರಾಗವಾಯಿತು. ಸಿಡ್ನಿಯ ಕಚೇರಿಯೊಂದರಲ್ಲಿ ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದ ನೌರುವಿನ ಕಲ್ಲೊಂದನ್ನು ಒಬ್ಬ ಉದ್ಯೋಗಿ ಕುತೂಹಲಕ್ಕೆ ಪರೀಕ್ಷೆ ಮಾಡಿಸಿದ, ಅದು ಉತ್ತಮ ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು ಎಂಬ ಕತೆ ಓದಿದರು. ಆಗ ದ್ವೀಪ ಜರ್ಮನರ ಕೈಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಕೈಗೆ ಹೋಯಿತು. ನೌರುವಿನ ಮಣ್ಣು ಹಡಗು ಹತ್ತಿ ದೂರದೂರದ ಹೊಲಗಳಿಗೆ ಗೊಬ್ಬರವಾಗಿ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬಂದರು, ಸಾವಿರದ ಇನ್ನೂರು ನೌರು ಜನರನ್ನು ಸಾವಿರದ ಆರುನೂರು ಕಿಲೋಮೀಟರ್ ದೂರದ ಟ್ರುಕ್ ದ್ವೀಪಗಳಿಗೆ ಸಾಗಿಸಿದರು. ೧೯೪೬ರ ಜನವರಿ ಮೂವತ್ತೊಂದರಂದು ತಿರುಗಿ ಬಂದವರು ಏಳುನೂರ ಮೂವತ್ತೇಳು.

"ಸಂಖ್ಯೆ ಹೀಗೆ ಕಿವಿಗೆ ಬೀಳುತ್ತೆ, ಹಾಗೆ ಹೋಗ್ಬಿಡುತ್ತೆ" ಎಂದಳು ಆರಾಧನಾ ಬೇಸರದಿಂದ.

ಮುಂದಿನ ಮಂಗಳವಾರ ಗಿರಿಜಾಂಬಾ ಎರಡು ಬಟ್ಟೆಯ ಚೀಲ ತಂದರು. ಹಿಂದಿನ ಭಾನುವಾರವಿಡೀ ಅವರೂ ಸಿದ್ದಬಸಪ್ಪನೂ ಜಗಲಿಯಲ್ಲಿ ಕೂತು ಹುಣಸೆ ಬೀಜ ಎಣಿಸಿದ್ದರು. ಒಂದರಲ್ಲಿ ಸಾವಿರದ ಇನ್ನೂರು, ಇನ್ನೊಂದರಲ್ಲಿ ಏಳುನೂರ ಮೂವತ್ತೇಳು. ನಡುವೆ ಲೆಕ್ಕ ತಪ್ಪಿದಾಗ ಸಿದ್ದಬಸಪ್ಪ, "ಒಂದೆರಡು ಹೆಚ್ಚುಕಮ್ಮಿ ಆದ್ರೆ ಏನಕ್ಕ?" ಎಂದಿದ್ದ. "ಒಂದೆರಡು ಅಂದ್ರೆ ಒಂದಿಬ್ರು ಜನ ಕಣೋ" ಎಂದು ಅವರು ಮತ್ತೆ ಮೊದಲಿಂದ ಎಣಿಸಲು ಹಚ್ಚಿದ್ದರು. ಆಮೇಲೆ ಅವನೂ ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದ್ದ.

ಆರಾಧನಾ ಒಂದೊಂದು ಕೈಯಲ್ಲಿ ಒಂದೊಂದು ಚೀಲ ಎತ್ತಿ ಹಿಡಿದಳು. ಒಂದು ಕೈ ಕೆಳಕ್ಕೆ ಜಗ್ಗಿತು. ಹಗುರವಾದ ಚೀಲವನ್ನು ಅವಳು ಬಹಳ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿದ್ದಳು.

೧೯೬೦ರ ದಶಕದಲ್ಲಿ, ನಿಮ್ಮ ದ್ವೀಪ ಹೇಗೂ ಹಾಳಾಗುತ್ತಿದೆ, ಆಸ್ಟ್ರೇಲಿಯದ ಪಕ್ಕದ ಒಂದು ದ್ವೀಪ ಕೊಡುತ್ತೇವೆ, ಎಲ್ಲರೂ ಅಲ್ಲಿಗೆ ಬಂದುಬಿಡಿ ಎಂದು ಆಸ್ಟ್ರೇಲಿಯ ಸರ್ಕಾರ ಹೇಳಿದಾಗ ನೌರುವಿನವರು ಒಪ್ಪಲಿಲ್ಲ. ಹೋದರೆ ತಾವು ಒಂದು ಜನಾಂಗವಾಗಿ ಉಳಿಯುವುದಿಲ್ಲ ಎಂದರು. ೧೯೬೮ರಲ್ಲಿ ಸ್ವತಂತ್ರರಾದಾಗ ಅದಕ್ಕೂ ಜನವರಿ ಮೂವತ್ತೊಂದನ್ನೇ ಆರಿಸಿಕೊಂಡರು, ತಮ್ಮವರು ಟ್ರುಕ್‌ನಿಂದ ಮರಳಿದ ದಿನವನ್ನೇ. ಮುಂದೆ ಫಾಸ್ಫೇಟಿನಿಂದ ಬಂದ ಸಂಪತ್ತು, ಅದನ್ನು ಅವರೇ ಕೈಯಾರೆ ಕಳೆದುಕೊಂಡದ್ದು, ಇವನ್ನೂ ಆರಾಧನಾ ಮುಚ್ಚಿಡದೆ ಬರೆದಳು. ಆದರೆ ಮೊದಲ ಅಧ್ಯಾಯ ಭೂಗೋಳವೇ ಆಗಿತ್ತು. ಮೂವತ್ತೆರಡು ಪುಟ.

ಇಷ್ಟರ ನಡುವೆ ಗಿರಿಜಾಂಬಾ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದ್ದರು: ರಂಗನಾಯಕಿ ಎಲ್ಲಿದ್ದಾಳೆ, ಯಾರಿಗಾದರೂ ಗೊತ್ತೆ? ಎರಡೇ ದಿನದಲ್ಲಿ ಉತ್ತರ ಬಂತು. ಮಲ್ಲೇಶ್ವರದ ಬ್ಯಾಂಕಿನಲ್ಲಿ ಕೆಲಸ, ಮನೆ ವೈಯಾಲಿಕಾವಲ್. ಒಂದು ಭಾನುವಾರ ಹಳೆಯ ಸೀರೆಯಲ್ಲಿ ಎರಡು ದ್ವೀಪ ಸುತ್ತಿಕೊಂಡು ಅವರು ಅಲ್ಲಿಗೆ ಹೋದರು. ಬಾಗಿಲು ತೆರೆದದ್ದು ರಂಗನಾಯಕಿಯೇ. ನಲವತ್ತೇಳರ ಹೆಂಗಸು, ನಡುವೆ ನರೆತ ಕೂದಲು.

"ಯಾರು?"

"ನಾನಮ್ಮ, ಚಾಮರಾಜಪೇಟೆ..." ಎನ್ನುವಷ್ಟರಲ್ಲಿ ರಂಗನಾಯಕಿ, "ಗಿರಿಜಾಂಬಾ ಮಿಸ್! ದನಿ ಒಂಚೂರೂ ಬದಲಾಗಿಲ್ಲ ನಿಮ್ದು. ಬನ್ನಿ ಬನ್ನಿ, ಒಳಗೆ ಬನ್ನಿ" ಎಂದು ಕೈ ಹಿಡಿದುಕೊಂಡಳು.

ಕಾಫಿ ಬರುವವರೆಗೂ ಗಿರಿಜಾಂಬಾ ಕುರ್ಚಿಯ ಅಂಚಿನಲ್ಲೇ ಕೂತಿದ್ದರು. ಆಮೇಲೆ ಸುತ್ತಿ ಬಳಸದೆ ಹೇಳಿದರು. "ನಿನ್ನನ್ನ ಭೂಪಟದ ಪಾಠದಿಂದ ಆಚೆ ಕಳಿಸ್ತಿದ್ದೆ. ಅದು ತಪ್ಪು ಅಂತ ನನಗೆ ಈಗ ಗೊತ್ತಾಯ್ತು. ಅದನ್ನ ಹೇಳಕ್ಕೇ ಬಂದೆ."

ರಂಗನಾಯಕಿ ಲೋಟ ಕೆಳಗಿಟ್ಟಳು. "ಸುಳ್ಳು ಹೇಳಲ್ಲ ಮಿಸ್. ಆಗ ಖುಷಿ ಆಗ್ತಿತ್ತು, ಪಾಠ ತಪ್ತು ಅಂತ. ದೊಡ್ಡೋಳಾದ್ಮೇಲೆ ಕೋಪ ಬಂತು. ನಿಮ್ಮ ಮೇಲೆ ಅಂತಲ್ಲ. ಎಲ್ರೂ ಹಾಗೇ ಮಾಡ್ತಿದ್ರು, ನಿಮ್ಮನ್ನ ಮಾತ್ರ ಇಷ್ಟಪಟ್ಟಿದ್ದೆ, ಅದಕ್ಕೆ ನಿಮ್ದು ಜಾಸ್ತಿ ನೋವಾಯ್ತು."

ಗಿರಿಜಾಂಬಾ ಕಣ್ಣೊರೆಸಿಕೊಂಡರು. ಸಮಜಾಯಿಷಿ ಹೇಳಲಿಲ್ಲ. ಸೀರೆ ಬಿಚ್ಚಿ ನೌರುವನ್ನು ಅವಳ ಮುಂದಿಟ್ಟರು. ರಂಗನಾಯಕಿಯ ಬೆರಳುಗಳು ಹುರಿಯ ರಸ್ತೆ ಹಿಡಿದು ಹೊರಟವು. ಅವಳ ಕಾಫಿ ಲೋಟದಲ್ಲೇ ತಣ್ಣಗಾಯಿತು.

"ಇಡೀ ದೇಶಾನಾ ಇದು? ನಡೆದ್ರೆ ಎಷ್ಟು ಹೊತ್ತು ಬೇಕು ಮಿಸ್?"

"ಸುತ್ತು ಹೊಡೆಯಕ್ಕೆ ನಾಲ್ಕೈದು ಗಂಟೆ. ಉದ್ದಕ್ಕೆ ಅಂದ್ರೆ ಬಸವನಗುಡಿಯಿಂದ ಮೆಜೆಸ್ಟಿಕ್‌ಗೆ ಹೋದಷ್ಟು."

"ನಲವತ್ತೇಳು ವರ್ಷಕ್ಕೆ ಒಂದು ದೇಶ ಪೂರ್ತಿ ನೋಡ್ದೆ ನಾನು" ಎಂದು ರಂಗನಾಯಕಿ ನಕ್ಕಳು. ಅವಳು ನೋಡಿದೆ ಎಂದೇ ಹೇಳಿದಳು.

ಆರಾಧನಾಳ ಮೌಖಿಕ ಪರೀಕ್ಷೆ ಮುಂದಿನ ಮೇ ತಿಂಗಳಲ್ಲಿ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಅಧ್ಯಾಯದ ಮೇಲೇ ಮುಕ್ಕಾಲು ಗಂಟೆ ಕೇಳಿದರು. ಗೈಡ್ ಸರ್ ಎದ್ದು ನಿಂತು, "ಈ ಅಧ್ಯಾಯ ಬೇಡ ಅಂದೋನು ನಾನೇ. ಅವಳು ನನ್ನ ಮಾತು ಕೇಳ್ದೆ ಇದ್ದದ್ದು ಒಳ್ಳೇದಾಯ್ತು" ಎಂದರಂತೆ. ಅವಳಿಗೆ ಒಳ್ಳೆಯ ದರ್ಜೆ ಬಂತು. ಈಗ ಪಿಎಚ್.ಡಿ.ಗೆ ಸೇರಿದ್ದಾಳೆ, ವಿಷಯ ಪೆಸಿಫಿಕ್ ದ್ವೀಪಗಳೇ. ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆಯ ಸಾಲು ಒಂದಿದೆ. ಗಿರಿಜಾಂಬಾ ಅದನ್ನು ತಾವಾಗಿ ಯಾರಿಗೂ ತೋರಿಸುವುದಿಲ್ಲ. ಸಿದ್ದಬಸಪ್ಪ ಮಾತ್ರ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾನೆ.

ನೌರು ಆದ ಮೇಲೆ ಗಿರಿಜಾಂಬಾ ಶ್ರೀಲಂಕಾ ಮಾಡಿದರು, ಕಾವೇರಿ ಕಣಿವೆ ಮಾಡಿದರು, ಕರ್ನಾಟಕವನ್ನು ಮೂರು ಸಲ ಮಾಡಿದರು. ಎಲ್ಲವೂ ಈಗ ಸಂಸ್ಥೆಯ ಕೋಣೆಯಲ್ಲಿವೆ. ಒಬ್ಬರು ಬಂದು, ಇವನ್ನು ಗಾಜಿನ ಕಪಾಟಿನಲ್ಲಿಡಿ, ಮುಟ್ಟಿ ಮುಟ್ಟಿ ಹಾಳಾಗುತ್ತವೆ ಎಂದರು. "ಮುಟ್ಟಿ ಸವೆದ್ರೆ ಅಷ್ಟು ಜನ ಓದಿದ್ರು ಅಂತ ಅರ್ಥ. ಸವೆದಾಗ ಮತ್ತೆ ಮಾಡ್ತೀನಿ" ಎಂದು ಅವರನ್ನು ಕಳಿಸಿದರು.

ಸದ್ಯ ಅವರ ಮೇಜಿನ ಮೇಲಿರುವುದು ಬೆಂಗಳೂರು. ಕೇಳಿದವಳು ರಂಗನಾಯಕಿ. ಇಷ್ಟು ವರ್ಷ ಕಾಲಲ್ಲಿ ತಿಳಿದ ಊರನ್ನು ಒಮ್ಮೆ ಕೈಯಲ್ಲಿ ತಿಳಿಯಬೇಕು ಎಂದಳಂತೆ. ಭಾನುವಾರಗಳಲ್ಲಿ ಚಾಮರಾಜಪೇಟೆಗೆ ಬಂದು ತಪ್ಪು ಹಿಡಿಯುವವಳೂ ಅವಳೇ. ಕಳೆದ ವಾರ ವೈಯಾಲಿಕಾವಲ್ ಮೇಲೆ ಬೆರಳಾಡಿಸಿ ತಲೆಯಲ್ಲಾಡಿಸಿದಳು.

"ಇಳಿಜಾರು ಸಾಲ್ದು ಮಿಸ್."

"ಅಳತೆಗೆ ಸರಿಯಾಗೇ ಇಟ್ಟಿದೀನಲ್ಲೇ."

"ದಿನಾ ಹತ್ತಿಳಿಯೋ ಮಂಡಿ ನಂದು. ನಮ್ಮ ಬೀದಿ ಇನ್ನೂ ಕಡಿದು."

ಗಿರಿಜಾಂಬಾ ಕನ್ನಡಕ ಏರಿಸಿಕೊಂಡು, ಅಳತೆಯ ಹಾಳೆಯನ್ನು ಮತ್ತೆ ಬಿಡಿಸಿ ನೋಡಿದರು. ಮೂರನೇ ಸಾಲಿನಲ್ಲಿ ಒಂದು ಅಂಕಿಯನ್ನು ತಾವೇ ತಪ್ಪಾಗಿ ಇಳಿಸಿಕೊಂಡಿದ್ದರು. "ನಿನ್ನ ಮಂಡೀನೇ ಗೆಲ್ತು ಬಿಡು" ಎಂದು, ಆ ಬೀದಿಯಷ್ಟನ್ನು ಚಾಕುವಿನಿಂದ ಕೆರೆಯತೊಡಗಿದರು.